ಹೊಸಾದ ಐತ್ರಿ ಸರ್

ಸರ್ಕಾರಕ್ಕೆ 2.0 ಅಂದರೆ ಹುಚ್ಚು. ಆಸ್ತಿ ನೋಂದಣಿಗೆ ಕಾವೇರಿ 2.0. ಗ್ರಾಮ ಪಂಚಾಯಿತಿಗೆ ಪಂಚತಂತ್ರ 2.0. ಖಜಾನೆಯೂ ಎರಡನೆಯದು. ಮೊದಲನೆಯದರಲ್ಲಿ ಏನು ಕೆಟ್ಟಿತ್ತು, ಎರಡನೆಯದರಲ್ಲಿ ಏನು ರಿಪೇರಿಯಾಯಿತು ಅಂತ ಮಾತ್ರ ಕೇಳಬೇಡಿ. ಕೌಂಟರಿನ ಮುಂದೆ ನಿಂತವರಿಗೆ ಗೊತ್ತಿರುವುದು ಎರಡೇ ವರ್ಷನ್. ‘ಸರ್ವರ್ ಐತಿ’, ‘ಸರ್ವರ್ ಇಲ್ಲ’.

ನಮ್ಮ ಲಕ್ಷ್ಮೇಶ್ವರಕ್ಕೆ ಬನ್ನಿ. ಹಳೆಯ ಪುಲಿಗೆರೆ. ಕನ್ನಡದ ತಿರುಳು ಎಲ್ಲಿದೆ ಎಂದು ಕವಿರಾಜಮಾರ್ಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಒಂದು. ಆ ತಿರುಳಿನ ಊರಿನ ಡಿಟಿಪಿ ಅಂಗಡಿಯಲ್ಲಿ ಅರ್ಜಿ ಟೈಪ್ ಮಾಡಿಸಿ, ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ‘ಕ’ ಇರಬೇಕಾದಲ್ಲಿ ಇಂಗ್ಲಿಷಿನ ಪಿ, ಪಕ್ಕದಲ್ಲಿ ತಲೆ ಮೇಲೆ ಓರೆ ಗೀರು ಹೊತ್ತ ಎ. ರೈತನ ಹೆಸರು, ಅವರಪ್ಪನ ಹೆಸರು, ಊರು, ಎಲ್ಲವೂ ಅದೇ ಅವತಾರ. ಆ ಕಂಪ್ಯೂಟರಿನಲ್ಲಿ ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್ ಇಲ್ಲ. ಅಷ್ಟೇ.

ಯಾವ ಕಂಪ್ಯೂಟರಿಗೆ ಹೋದರೂ ‘ಕ’ ‘ಕ’ ಆಗಿಯೇ ಉಳಿಯುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿದೆ. ಕಚೇರಿಗಳು ಅದನ್ನೇ ಬಳಸಬೇಕೆಂದು ಸರ್ಕಾರ ಹೇಳಿ ದಶಕ ದಾಟಿದೆ. ಕನ್ನಡ ಗಣಕ ಪರಿಷತ್ತಿನ ನುಡಿ 4 ಆಯಿತು, 5 ಆಯಿತು, 6 ಆಯಿತು. ಯೂನಿಕೋಡೂ ಬಂತು. ಅದೂ ಪುಕ್ಕಟೆ. ಟೇಬಲ್ಲಿನ ಆಚೆಯಿಂದ ಬರುವ ಮಾತು ಮಾತ್ರ ಹಳೆಯದೇ: ‘ನುಡಿ 01 ಇ ಒಳಗ ಮಾಡಿಸ್ಕೊಂಡ ಬರ್ರಿ, ಸೈಜ್ 14.’ ನವೆಂಬರ್ ಬಂದರೆ ಇದೇ ಟೇಬಲ್ಲಿನವರ ಕೊರಳಲ್ಲಿ ಹಳದಿ ಕೆಂಪು ಶಾಲು.

ಅಂಗಡಿ ಹುಡುಗನನ್ನು ಕೇಳಿದೆ, ‘ನಿಂದ್ಯಾವ ವರ್ಷನ್ನಪಾ?’

‘ಹೊಸಾದ ಐತ್ರಿ ಸರ್.’

ತೆರೆಸಿ ನೋಡಿದೆ. 4.0. ಸೆಟಪ್ ಇದ್ದ ಪೆನ್‌ಡ್ರೈವಿನಲ್ಲಿ ಫೋಲ್ಡರಿನ ಹೆಸರು ‘ನುಡಿ ನ್ಯೂ ಲೇಟೆಸ್ಟ್ ಫೈನಲ್’. ಅವನನ್ನು ಬೈದು ಏನು ಬಂತು? ಯೂನಿಕೋಡಿನಲ್ಲಿ ಹೊಡೆದು ಕೊಟ್ಟರೆ ಅರ್ಜಿ ವಾಪಸ್, ಗಿರಾಕಿಯೂ ಪಕ್ಕದ ಅಂಗಡಿಗೆ.

ದೊಡ್ಡ ಕಂಪನಿಗಳಾದರೂ ನೆಟ್ಟಗಿವೆಯೇ? ಮೈಕ್ರೋಸಾಫ್ಟ್‌ಗೆ ವಿಂಡೋಸ್ 8 ಆಯಿತು, 8.1 ಆಯಿತು, ಆಮೇಲೆ ಸೀದಾ 10. ಒಂಬತ್ತನ್ನು ನುಂಗಿ ನೀರು ಕುಡಿಯಿತು. ವಿಂಡೋಸ್ 7ರ ಹೊಟ್ಟೆಯೊಳಗಿನ ನಂಬರು 6.1. ವಿಂಡೋಸ್ 11ರೊಳಗೆ ಇಂದಿಗೂ 10.0. ಹತ್ತಿ ಅಂಡಿಗೆಯ ಮೇಲೊಂದು ತೂಕ, ಒಳಗೊಂದು ತೂಕ ಅಂದರೆ ಎಪಿಎಂಸಿಯಲ್ಲಿ ಕೈಕೈ ಮಿಲಾಯಿಸುತ್ತಾರೆ. ಇಲ್ಲಿ ದುಡ್ಡು ಕೊಟ್ಟು, ‘ನಾನು ಒಪ್ಪಿದ್ದೇನೆ’ ಅಂತ ಒತ್ತುತ್ತೇವೆ.

ಬೆಂಗಳೂರಿನ ಟ್ಯಾಲಿ ತಾನೇನು ಕಡಿಮೆ? 2009ರಲ್ಲಿ ಇಆರ್‌ಪಿ 9. ಹೊರಗಿನ ಒಂಬತ್ತು ವರ್ಷಾನುಗಟ್ಟಲೆ ಅಲುಗಲಿಲ್ಲ, ಒಳಗಿನ ರಿಲೀಸ್ 6.6ರವರೆಗೆ ಹತ್ತಿತು. 2020ರಲ್ಲಿ ಟ್ಯಾಲಿಪ್ರೈಮ್ ಅಂತ ಹೆಸರಿಟ್ಟುಕೊಂಡು ಮತ್ತೆ ರಿಲೀಸ್ 1. ಬಜಾರಿನ ಸಾಹುಕಾರರ ಪಾಲಿಗೆ ಒಂಬತ್ತು ಹೋಗಿ ಒಂದು ಬಂತು. ಊರಿನ ಲೆಕ್ಕವನ್ನೆಲ್ಲ ಇಡುವ ಸಾಫ್ಟ್‌ವೇರ್ ಇದು!

ನೆಟ್ಟಗೆ ಲೆಕ್ಕ ಇಟ್ಟವರು ಒಬ್ಬರಿದ್ದಾರೆ, ಅಮೆರಿಕದ ಡೊನಾಲ್ಡ್ ಕ್ನೂತ್. ಅಚ್ಚಿಗೆ ಅಕ್ಷರ ಜೋಡಿಸುವ ಅವರ ಸಾಫ್ಟ್‌ವೇರ್ ಟೆಕ್‌ನ ನಂಬರು ತಿದ್ದುಪಡಿಯಾದಾಗಲೆಲ್ಲ ಪೈ ಬೆಲೆಯ ಒಂದೊಂದು ಅಂಕಿ ಸೇರಿಸಿಕೊಳ್ಳುತ್ತದೆ. 2021ರಲ್ಲಿ 3.141592653ಕ್ಕೆ ಬಂತು. ತಪ್ಪು ಹುಡುಕಿ ಕೊಟ್ಟವರಿಗೆ ಅವರೇ ಚೆಕ್ ಬರೆದು ಕಳಿಸಿದ್ದಾರೆ. ನಮ್ಮಲ್ಲಿ ತಪ್ಪು ತೋರಿಸಿದವನಿಗೆ ‘ನಾಳೆ ಬರ್ರಿ’. ನಾಳೆ ಹೋದರೆ ಆಪರೇಟರ್ ರಜೆ. ಪಾಸ್‌ವರ್ಡ್ ಇರುವುದು ಅವರ ಹತ್ತಿರ ಮಾತ್ರ.