ಆಗಸ್ಟ್ ಸಾಹೇಬರ ಕಡತ

ಮೈಸೂರಿನ ಹಳೇ ಪೇಟೆಗೆ ಜೀವ ತುಂಬುವ ಸರ್ಕಾರಿ ಕೆಲಸದಲ್ಲಿ ತೀರ್ಮಾನ ತೆಗೆದುಕೊಳ್ಳುವ ಧೈರ್ಯ ಇರುವುದು ಒಬ್ಬರಿಗೇ, ಆಗಸ್ಟ್ ಸಾಹೇಬರಿಗೆ. 2012ರ ಆಗಸ್ಟಿನಲ್ಲಿ ಬಂದವರೇ ಚಿಕ್ಕ ಗಡಿಯಾರದ ಎದುರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕೆಡವಿದರು. ನಾಲ್ವರ ಜೀವ ಹೋಯಿತು. ಅಂಗಡಿಗಳನ್ನು ಖಾಲಿ ಮಾಡಿಸಲಾಯಿತು. ಹಳೇ ಪುಸ್ತಕ ಮಾರುತ್ತಿದ್ದವರು ಗಂಟು ಕಟ್ಟಿದರು, ಪಾರಿವಾಳಗಳು ಸಂಸಾರ ಹೂಡಿದವು. 1892ರ ಕಟ್ಟಡಕ್ಕೆ ಸಿಕ್ಕ ಪುನಶ್ಚೇತನ ಸದ್ಯಕ್ಕೆ ಅಷ್ಟೇ.

ಸಾಹೇಬರು ಮತ್ತೆ ಬಂದದ್ದು 2016ರ ಆಗಸ್ಟಿನಲ್ಲಿ. ಈ ಸಲ ಕೆಡವಿದ್ದು ದೇವರಾಜ ಮಾರುಕಟ್ಟೆಯನ್ನು, ಧನ್ವಂತರಿ ರಸ್ತೆಯ ಕಡೆ. ಅದೂ ದುರಸ್ತಿ ನಡೆಯುತ್ತಿದ್ದಾಗಲೇ!

ಆಮೇಲೆ ಶುರುವಾಯಿತು ನೋಡಿ ತಜ್ಞರ ಸಂತೆ. ಸುಣ್ಣದ ಗಾರೆ ಹಾಕಿ, ಉಳಿಯುತ್ತದೆ ಎಂದರು ಒಬ್ಬರು. ಉಳಿಯುವುದಿಲ್ಲ, ಕೆಡವಿ ಎಂದರು ಇನ್ನೊಬ್ಬರು. ಜಗಳ ಹೈಕೋರ್ಟಿನವರೆಗೆ ಹೋಯಿತು. 2023ರಲ್ಲಿ ಕೆಡವುವವರ ಕೈ ಮೇಲಾಯಿತು. ಸರ್ಕಾರದ ಮಾತೇನೆಂದರೆ, ಕೆಡವಿದ ಮೇಲೆ ಹಳೇ ರೂಪದಲ್ಲೇ ಹೊಸದು ಕಟ್ಟುತ್ತೇವೆ. ಅಜ್ಜಿ ಕೆಮ್ಮುತ್ತಾಳೆಂದು ಅವಳನ್ನು ಸಾಗಹಾಕಿ, ಅವಳದೇ ಸೀರೆ ಉಡಿಸಿ ಬೇರೊಬ್ಬಳನ್ನು ಜಗಲಿಯಲ್ಲಿ ಕೂರಿಸಿದ ಹಾಗೆ. ನೆಂಟರಿಗೆ ಗೊತ್ತಾಗದು; ಪ್ರವಾಸಿಗಳಿಗಂತೂ ಫೋಟೊ ಚೆನ್ನಾಗಿ ಬಂದರೆ ಸಾಕು.

ದಸರೆಯ ಜಂಬೂಸವಾರಿ ಸಾಗುವುದು ಇದೇ ಮಾರುಕಟ್ಟೆಯ ಪಕ್ಕದಲ್ಲಿ, ಸಯ್ಯಾಜಿರಾವ್ ರಸ್ತೆಯಲ್ಲಿ. 750 ಕಿಲೋ ಅಂಬಾರಿ ಹೊತ್ತ ಆನೆ ಒಂದೇ ಸಂಜೆಯಲ್ಲಿ ಬನ್ನಿಮಂಟಪ ಮುಟ್ಟುತ್ತದೆ. ಮಾರುಕಟ್ಟೆಯ ಕಾಗದದ ಕಡತಕ್ಕೆ ಮಾತ್ರ ಪಾಲಿಕೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ಏದುಸಿರು. (ಕಡತವನ್ನೂ ಆನೆಗೇ ಒಪ್ಪಿಸಬಹುದಿತ್ತು. ಮಾವುತನ ನೇಮಕಕ್ಕೆ ಇನ್ನೊಂದು ಸಮಿತಿ ಬೇಕಾಗುತ್ತದೇನೋ.) ದಸರೆ ಹತ್ತಿರ ಬಂತೆಂದರೆ ಬೀದಿಗೆ ದೀಪದ ಸಾಲು. ಬಿರುಕಿನಲ್ಲಿ ಚಿಗುರಿದ ಅರಳಿ ಗಿಡಕ್ಕೂ ಒಂದಷ್ಟು ಬೆಳಕು.

ಮೊನ್ನೆ ಮಾರುಕಟ್ಟೆಯಲ್ಲಿ ಮಲ್ಲಿಗೆ ಕೊಳ್ಳುತ್ತಾ ಹೂವಿನವಳನ್ನು ಕೇಳಿದೆ:

"ಯಾವಾಗ ಕೆಡವ್ತಾರಂತಕ್ಕಾ?"

ಅವಳು ದಾರ ಬಿಗಿಯುತ್ತಾ ಒಮ್ಮೆ ಸೂರು ನೋಡಿದಳು, ಒಮ್ಮೆ ಮೋಡ ನೋಡಿದಳು.

"ಅವ್ರು ಯಾಕ್ ಕೆಡವ್ತಾರೆ ಸ್ವಾಮಿ, ಮಳೆ ಐತಲ್ಲ. ಎಷ್ಟ್ ಮೊಳ ಕೊಡ್ಲಿ?"