ಕಾಲುಮುಂದಾಗಿ ಹುಟ್ಟಿದವರು ಬೇಕಾಗಿದ್ದಾರೆ

ಕೊಣ್ಣೂರಿನ ಗೃಹಸ್ಥರೊಬ್ಬರಿಗೆ ಟೊಂಕ ಹಿಡಿಯಿತು. ಹೆಸರು ಬೇಡ, ಈ ಲೇಖನ ಬರೆದವರಿಗೆ ಅವರು ತೀರಾ ಬೇಕಾದವರು, ಒಂದೇ ತಾಟಿನಲ್ಲಿ ಉಣ್ಣುವಷ್ಟು. ಹಿಡಿದ ನೋವು ಟೊಂಕದಲ್ಲೇ ಸುಮ್ಮನೆ ಕೂಡಲಿಲ್ಲ. ಗೋಕಾಕ ರೋಡ್ ಸ್ಟೇಶನ್ನಿನಿಂದ ಹೊರಟ ಪ್ಯಾಸೆಂಜರ್ ಗಾಡಿಯಂತೆ ಎಡಗಡೆಯ ಕುಂಡಿ, ತೊಡೆಯ ಹಿಂಬದಿ, ಮೀನಖಂಡದ ಹೊರಮಗ್ಗುಲು ಎಂದು ಎಲ್ಲ ಕಡೆ ನಿಂತು ನಿಂತು, ಕಾಲಿನ ಹೆಬ್ಬೆರಳಿಗೆ ಹೋಗಿ ಮುಟ್ಟಿತು. ಕೂತರೆ ಚುಚ್ಚು, ಕೆಮ್ಮಿದರೆ ಮಿಂಚು, ಸೀನು ಬಂದರೆ ದೇವರೇ ಗತಿ.

ಊರಿನಲ್ಲಿ ಕಾರಣಗಳಿಗೇನು ಬರ? 1887ರಲ್ಲಿ ಶುರುವಾದ ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಆಯುಷ್ಯ ಸವೆಸಿದ ಹಿರಿಯರು "ನಿಂತು ನಿಂತು ಹಿಂಗಾಗ್ತೈತಿ" ಅಂದರು. ಗೃಹಸ್ಥರು ಜೀವಮಾನದಲ್ಲಿ ನಿಂತದ್ದಕ್ಕಿಂತ ಕೂತದ್ದೇ ಹೆಚ್ಚು. ಕ್ಷೌರದಂಗಡಿಯವ ವಾಯು ಎಂದ. ಹೆಂಡತಿ ಮೊಬೈಲ್ ಎಂದಳು. ಆಕೆಯ ಪ್ರಕಾರ ಮನೆಯ ನಲ್ಲಿ ಸೋರುವುದಕ್ಕೂ ಅದೇ ಕಾರಣ. ಬೈಕ್ ರಿಪೇರಿಯವ ಮಾತ್ರ ಗಾಡಿಯನ್ನೂ ಸವಾರರನ್ನೂ ಒಮ್ಮೆ ದಿಟ್ಟಿಸಿ, "ಶಾಕಪ್ಸರ್ ಹೋಗ್ಯಾವ್ರೀ ಕಾಕಾ, ಎರಡೂದೂ" ಎಂದು ಕೈ ಒರೆಸಿಕೊಂಡ. ಊರ ಸುತ್ತ ಬೃಹತ್ ಶಿಲಾಯುಗದ ಕಲ್ಲುಗೋರಿಗಳಿವೆ. ಆ ಚಪ್ಪಡಿಗಳನ್ನು ಎತ್ತಿಟ್ಟವರ ಟೊಂಕಕ್ಕೆ ಎಣ್ಣೆ ತಿಕ್ಕಿದವರು ಯಾರೋ ಎಂದು ಗೃಹಸ್ಥರಿಗೆ ಆಗ ಮೊದಲ ಸಲ ಚಿಂತೆಯಾಯಿತು.

ಕೊನೆಗೆ ಚಹಾದಂಗಡಿಯಲ್ಲಿ ತೀರ್ಮಾನ ಹೊರಬಿತ್ತು: "ಕಾಲುಮುಂದಾಗಿ ಹುಟ್ಟಿದವರ ಕಡೆ ಒದಿಸ್ಕೋರಿ."

ಈ ಚಿಕಿತ್ಸೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಒದೆಯುವವರ ಅಭಾವ. ದಿನ ತುಂಬಿದಾಗಲೂ ತಲೆ ಮೇಲಾಗಿಯೇ ಕೂತಿರುವ ಕೂಸುಗಳು ನೂರಕ್ಕೆ ಮೂರೋ ನಾಲ್ಕೋ. ಅವುಗಳಲ್ಲಿಯೂ ಹೆಚ್ಚಿನವು ಕುಂಡಿ ಮುಂದೆ ಮಾಡಿ ಬರುವಂಥವು. ಪಾದ ಮೊದಲು ಚಾಚುವ ಪುಣ್ಯವಂತರು ಇನ್ನೂ ಕಡಿಮೆ. ಅದರ ಮೇಲೆ 2000ದಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ 26 ದೇಶಗಳ 2,088 ಗರ್ಭಿಣಿಯರ ಅಧ್ಯಯನವೊಂದು ಬಂತು. ಇಂಥ ಕೂಸುಗಳಿಗೆ ಮೊದಲೇ ಗೊತ್ತುಮಾಡಿದ ಸಿಸೇರಿಯನ್ನೇ ಕ್ಷೇಮ ಎಂದಿತು. ಜಗತ್ತಿನ ಬಹಳಷ್ಟು ಆಸ್ಪತ್ರೆಗಳು ಅದೇ ದಾರಿ ಹಿಡಿದವು. ಕೂಸುಗಳು ಉಳಿದವು, ಒದೆಯುವವರ ಸಂತತಿ ತೆಳುವಾಯಿತು. ಇದರ ಬಗ್ಗೆ ಲ್ಯಾನ್ಸೆಟ್ ಒಂದು ಸಾಲೂ ಬರೆಯಲಿಲ್ಲ.

ಐಟಿಐ ಓದುವ ಹುಡುಗನೊಬ್ಬ ಸಿಕ್ಕ. ಹೊಟ್ಟೆಯೊಳಗೆ ಇವನ ಕಾಲು ಕೆಳಗಿದ್ದವು ಎಂಬುದಕ್ಕೆ ಅವನವ್ವ ಡಿಸ್ಚಾರ್ಜ್ ಕಾರ್ಡನ್ನೇ ತಂದು ತೋರಿಸಿದಳು. ಆದರೆ ಹೆರಿಗೆ ಸಿಸೇರಿಯನ್. ಚಹಾದಂಗಡಿಯಲ್ಲಿ ದೊಡ್ಡ ಚರ್ಚೆ. "ಒಳಗ ಕಾಲು ಕೆಳಗ ಇದ್ದರ ಸಾಕಲ್ಲ?" ಎಂದು ಒಬ್ಬರು. "ಹೆಂಗ ಸಾಕಾಗ್ತೈತಿ? ಆಂವಾ ಬಾಗಲಾಗಿಂದ ಬಂದಾನೇನು? ಕಿಡಕ್ಯಾಗಿಂದ ಎತ್ಯಾರ!" ಎಂದು ಇನ್ನೊಬ್ಬರು. ಹುಡುಗನ ಒದೆ ಅಸಿಂಧುವಾಯಿತು. ಪುಕ್ಕಟೆ ಒಬ್ಬ ಹಿರಿಯರನ್ನು ಒದೆಯುವ ಅವಕಾಶ ತಪ್ಪಿತೆಂದು ಅವನ ಮುಖ ಸಣ್ಣದಾಯಿತು.

ಸಿಕ್ಕವಳು ಎಂಬತ್ತರ ಅಜ್ಜಿ. ಮನೆಯಲ್ಲೇ ಹುಟ್ಟಿದವಳು, ಸೂಲಗಿತ್ತಿಯ ಮಾತೇ ಅವಳ ಸರ್ಟಿಫಿಕೇಟು. ಅಮಾಸಿ ದಿನ ಹೊಸ್ತಿಲ ಮೇಲೆ ನಿಂತ ರೋಗಿಯನ್ನು ಹಿಂದಿನಿಂದ ಮೂರು ಸಲ ಒದೆಯಬೇಕು. ಆದರೆ ಅಜ್ಜಿಗೆ ಮೊಣಕಾಲು ನೋವು. ಪಾದ ಒಂದು ಗೇಣಿಗಿಂತ ಮೇಲೇಳದು. "ನೀನ ಒಂದೀಟ ಕೆಳಗ ಇಳಿಯಪಾ" ಎಂದಳು. ಗೃಹಸ್ಥರು ಬಗ್ಗಿದರೆ ಏಳಲಾರರು, ಅಜ್ಜಿ ಕಾಲೆತ್ತಿದರೆ ನಿಲ್ಲಲಾರಳು. ಬಹಳ ಹೊತ್ತು ವೈದ್ಯರೂ ರೋಗಿಯೂ ಒಬ್ಬರನ್ನೊಬ್ಬರು ನೋಡುತ್ತ ಹಾಗೇ ನಿಂತಿದ್ದರು. ಆಮೇಲೆ ಗೃಹಸ್ಥರು ಹೊಸ್ತಿಲಿಗಡ್ಡವಾಗಿ ಬೋರಲು ಬಿದ್ದರು. ಸೊಸೆ ಅಜ್ಜಿಯ ರಟ್ಟೆ ಹಿಡಿದಳು. ಮೊಮ್ಮಗ ಅಜ್ಜಿಯ ಪಾದವನ್ನು ಎರಡೂ ಕೈಯಲ್ಲಿ ಎತ್ತಿ, ತೂಕದ ಕಲ್ಲಿಡುವ ಜೋಪಾನದಿಂದ ಗೃಹಸ್ಥರ ಟೊಂಕದ ಮೇಲಿಟ್ಟ. ಒಂದು. ಎರಡು. ಮೂರನೆಯದಕ್ಕೆ ಅಜ್ಜಿಯೇ "ಯವ್ವಾ!" ಎಂದು ಚೀರಿದಳು. ನೆರೆಮನೆಯವರು ರೋಗಿಗೇ ಗುಣವಾಯಿತೆಂದು ತಿಳಿದು ಚಪ್ಪಾಳೆ ತಟ್ಟಿದರು.

"ಹೆಂಗೈತಿ ತಮ್ಮಾ?" "ಭಾಳ ಹಗುರ ಆತ್ರೀ ಆಯಿ." ಎಂಬತ್ತರ ಹೆಣ್ಣುಮಗಳು ಅಷ್ಟು ಕಷ್ಟಪಟ್ಟ ಮೇಲೆ ಬೇರೆ ಏನು ಹೇಳುವುದು? ಕುಬಸದ ಕಣ, ಕಾಯಿ, ಎಲೆಅಡಿಕೆ ಕೊಟ್ಟು ಬಂದದ್ದಾಯಿತು.

ಮುಂದಿನ ವಾರ ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಹೆಣ್ಣುಮಗಳು ಕೂಗಿದಳು: "ಅಣ್ಣಾರ, ಒಂದ ಚಪ್ಪಲಿ ಎಲ್ಲಿ ಬಿಟ್ರಿ?" ಎಡಗಾಲಿನದು ಇರಲಿಲ್ಲ. ಎಲ್ಲಿ ಜಾರಿತೋ ಕಾಲಿಗೇ ಗೊತ್ತಾಗಿರಲಿಲ್ಲ. ನಕ್ಕವರ ಜೊತೆ ಗೃಹಸ್ಥರೂ ನಕ್ಕರು. ಮನೆಗೆ ಬಂದು ಹೆಂಡತಿಯ ಕಣ್ಣು ತಪ್ಪಿಸಿ ಪಾದವನ್ನು ಚಿವುಟಿಕೊಂಡು ನೋಡಿದರು. ಮಾರನೆಯ ದಿನವೇ ಬೆಳಗಾವಿ ಗಾಡಿ ಹತ್ತಿದರು.

ಎಲುಬಿನ ಡಾಕ್ಟರು ಅಂಗಾತ ಮಲಗಿಸಿ, ಮೊಣಕಾಲು ಮಡಚದೆ ಕಾಲೆತ್ತಿದರು. ಅರ್ಧಕ್ಕೆ ಬರುವಷ್ಟರಲ್ಲಿ ಬೆಂಕಿ. ಹಿಮ್ಮಡಿಯ ಮೇಲೆ ನಡೆಯಿರಿ ಅಂದರು; ಎಡಪಾದದ ಮುಂಭಾಗ ಮೇಲೇಳದೆ ಜೋತುಬಿತ್ತು. ಹೆಬ್ಬೆರಳನ್ನು ಕೈಯಿಂದ ಒತ್ತಿ ಹಿಡಿದು "ಮೇಲೆತ್ತಿ" ಅಂದರು, ಅದಕ್ಕೆ ಶಕ್ತಿಯಿಲ್ಲ. ಬೆನ್ನೆಲುಬಿನ ಟೊಂಕದ ಭಾಗದ ನಾಲ್ಕನೆಯ ಮತ್ತು ಐದನೆಯ ಮಣಿಗಳ ನಡುವಿನ ಡಿಸ್ಕ್ ಹೊರಚಾಚಿ ನರದ ಬೇರನ್ನು ಒತ್ತುತ್ತಿದೆ ಎಂದು ಎಂಆರ್‌ಐಗಿಂತ ಮೊದಲೇ ಹೇಳಿಬಿಟ್ಟರು. ಚಿತ್ರ ಆಮೇಲೆ ಹೌದೆಂದಿತು.

ಚಿತ್ರವೊಂದನ್ನೇ ನಂಬಿದರೆ ಮೋಸ. ಬೆನ್ನುನೋವೇ ಇಲ್ಲದ 98 ಜನರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿದ ಅಮೆರಿಕದ ಅಧ್ಯಯನವೊಂದು 1994ರಲ್ಲಿ ಪ್ರಕಟವಾಯಿತು. ಎಲ್ಲ ಡಿಸ್ಕೂ ನೆಟ್ಟಗಿದ್ದವರು ಅವರಲ್ಲಿ ನೂರಕ್ಕೆ 36 ಜನ ಮಾತ್ರ. ಇದನ್ನು ಓದಿದ ಮೇಲೂ ರಿಪೋರ್ಟಿನ ಫೋಟೋ ತೆಗೆದು ನೆಂಟರ ಗುಂಪಿಗೆ ಹಾಕಿ, ಹುಬ್ಬಳ್ಳಿಯ ಷಡ್ಡಕನಿಂದ "ಆಪರೇಶನ್ ಪಕ್ಕಾ" ಅನ್ನಿಸಿಕೊಂಡವರಿಗೆ ಏನೆನ್ನಬೇಕು? ಇಂಥ ಕಾಲುನೋವಿನ ಮೂಲ ನರದಲ್ಲಿದೆ ಎಂದು ನೇಪಲ್ಸಿನ ವೈದ್ಯ ಕೊಟುನ್ಯೊ 1764ರಲ್ಲೇ ಪುಸ್ತಕ ಬರೆದಿದ್ದ. ಆ ನರವನ್ನು ಒತ್ತುವ ಕಳ್ಳ ಡಿಸ್ಕ್ ಎಂದು ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಪ್ರಕಟಿಸಿ ವೈದ್ಯರನ್ನು ಒಪ್ಪಿಸಿದ್ದು 1934ರಲ್ಲಿ. ವೈದ್ಯಲೋಕಕ್ಕೇ ನೂರೆಪ್ಪತ್ತು ವರ್ಷ ಹಿಡಿದ ಪತ್ತೇದಾರಿಯನ್ನು ಕೊಣ್ಣೂರಿನ ಚಹಾದಂಗಡಿ ಒಂದು ಸಂಜೆಯಲ್ಲಿ ಮುಗಿಸಿತ್ತು.

"ಒದಿಸ್ಕೊಂಡ್ರಾ?" ಡಾಕ್ಟರು ಚೀಟಿ ಬರೆಯುತ್ತಲೇ ಕೇಳಿದರು. ಗೃಹಸ್ಥರು ಗೋಡೆಯ ಕ್ಯಾಲೆಂಡರ್ ನೋಡಿದರು. ಆಗ ಪೆನ್ನು ಕೆಳಗಿಟ್ಟು ಡಾಕ್ಟರು ಹೇಳಿದ ಮಾತಿನಲ್ಲಿ ನಗೆ ಇರಲಿಲ್ಲ: ಮೂತ್ರ ಕಟ್ಟಿದರೆ, ಕೂಡುವ ಜಾಗ ಜೋಮು ಹಿಡಿದರೆ, ಪಾದ ಇನ್ನಷ್ಟು ಸೋತರೆ ಬೆಳಗಾಗುವುದನ್ನು ಕಾಯಬೇಡಿ, ಅದೇ ರಾತ್ರಿ ಬನ್ನಿ. ನೋವಿನ ಜೊತೆ ಜ್ವರ ಬಂದು ತೂಕ ಇಳಿಯುತ್ತಿದ್ದರೆ ಅದು ಬೆನ್ನೆಲುಬಿನ ಕ್ಷಯವೂ ಇರಬಹುದು. ಅಂಥ ಬೆನ್ನಿನ ಮೇಲೆ ಕಾಲಿಟ್ಟರೆ ಕಾಲೇ ಹೋದೀತು.

ಗೃಹಸ್ಥರ ಪುಣ್ಯ, ಅದಾವುದೂ ಇರಲಿಲ್ಲ. ಗುಳಿಗೆ, ನಡಿಗೆ, ವ್ಯಾಯಾಮ, ಮತ್ತೆ ಮತ್ತೆ ತಪಾಸಣೆ. ಹೊರಚಾಚಿದ ಡಿಸ್ಕ್ ಬಹಳ ಜನರಲ್ಲಿ ತಿಂಗಳುಗಳೊಳಗೆ ತಾನಾಗಿಯೇ ಕುಗ್ಗುತ್ತದೆ. ಇವರದೂ ಕುಗ್ಗಿತು, ಹೆಬ್ಬೆರಳು ಮತ್ತೆ ಹೇಳಿದ ಮಾತು ಕೇಳತೊಡಗಿತು. ತಾನಾಗಿ ಮಾಯುವ ನೋವಿನಲ್ಲಿ ಯಶಸ್ಸು ಯಾರಿಗೆ ಸೇರಬೇಕೆಂಬುದು ಮಾತ್ರ ವ್ಯಾಜ್ಯದಲ್ಲಿದೆ. ಹೆಂಡತಿ ಮೊಬೈಲ್ ಕಸಿದುಕೊಂಡ ದಿನವನ್ನು ಲೆಕ್ಕ ಹಿಡಿಯುತ್ತಾಳೆ. ಬೈಕಿನವ ಹೊಸ ಶಾಕಪ್ಸರ್ ತೋರಿಸುತ್ತಾನೆ. ಊರು ಅಜ್ಜಿಯ ಪಕ್ಷ. ಈಗ ಹುಕ್ಕೇರಿ, ಮೂಡಲಗಿ ಕಡೆಯಿಂದಲೂ ಟೊಂಕ ಹಿಡಿದವರು ಆಕೆಯ ಹೊಸ್ತಿಲಿಗೆ ಬರುತ್ತಾರೆ. ಡಾಕ್ಟರು ಹೇಳಿದ ಜೋಮು, ಜ್ವರದ ಮಾತನ್ನು ಗೃಹಸ್ಥರು ಅಲ್ಲಿಯೇ ಕುರ್ಚಿ ಹಾಕಿಕೊಂಡು ಬಂದವರಿಗೆಲ್ಲ ಹೇಳುತ್ತಾರೆ. ಕೆಲವರು ಗಾಬರಿಯಾಗಿ ಆಸ್ಪತ್ರೆಗೆ ಹೋಗಿದ್ದೂ ಉಂಟು. ಗಿರಾಕಿ ಕೆಡಿಸುತ್ತಾನೆಂದು ಅಜ್ಜಿಗೆ ಸಿಟ್ಟು. ಮೊಣಕಾಲು ಪೂರ್ತಿ ಕೈಕೊಟ್ಟದ್ದರಿಂದ ಪಾಳಿ ಉದ್ದವಾದ ದಿನ ಆ ಐಟಿಐ ಹುಡುಗನನ್ನು ಕರೆಸುತ್ತಾಳೆ. ಕಿಡಕಿಯಿಂದ ಬಂದವರದೂ ನಡೀತೈತಿ ಎಂದು ಆಕೆಯೇ ಹೇಳಿದ ಮೇಲೆ ಚಹಾದಂಗಡಿಯವರು ಆ ವಿಷಯ ಎತ್ತಿಲ್ಲ.