‘ಸುಟ್ಟರೆ ನನಗೇನೂ ನಷ್ಟವಿಲ್ಲ’: ಅಂಜನೇರಿಯ ಕುಸಳ ಹುಲ್ಲಿನ ಜೊತೆ ಮಾತುಕತೆ

ನಾಶಿಕ್‌ನಿಂದ ತ್ರ್ಯಂಬಕೇಶ್ವರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಅಂಜನೇರಿ ಬೆಟ್ಟ ಮಳೆಗಾಲದಲ್ಲಿ ಹಸಿರು, ದೀಪಾವಳಿಯ ಹೊತ್ತಿಗೆ ಹೊಂಬಣ್ಣ, ಫೆಬ್ರವರಿ ಮಧ್ಯದಿಂದ ಜೂನ್ ಮಧ್ಯದವರೆಗೆ ಯಾವ ದಿನ ಬೇಕಾದರೂ ಕಪ್ಪು. ಆ ಕಪ್ಪು ಬಳಿಯುವ ಕಾಳ್ಗಿಚ್ಚಿಗೆ ಮರಾಠಿಯಲ್ಲಿ ವಣವಾ ಎನ್ನುತ್ತಾರೆ. ಬ್ರಹ್ಮಗಿರಿ, ಪಾಂಡವಲೇಣಿ, ಸಾತಮಾಳಾ ಸಾಲು, ಪೂರ್ವಕ್ಕೆ ಸರಿದರೆ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಗೌತಾಳಾ ಅಭಯಾರಣ್ಯ: ವಣವಾ ಹಾಯದ ಗುಡ್ಡ ಹುಡುಕುವುದೇ ಕಷ್ಟ. ಪ್ರತಿ ಸಲವೂ ಮರುದಿನದ ಪತ್ರಿಕೆಯಲ್ಲಿ ಅಧಿಕಾರಿಗಳು ಮಾತಾಡುತ್ತಾರೆ, ಚಾರಣಿಗರು ಮಾತಾಡುತ್ತಾರೆ, ಗಿಡ ನೆಟ್ಟವರು ಕಣ್ಣೀರು ಹಾಕುತ್ತಾರೆ. ಸುಟ್ಟುಹೋದವರನ್ನು ಮಾತ್ರ ಯಾರೂ ಮಾತಾಡಿಸುವುದಿಲ್ಲ. ಆ ಕೊರತೆ ತುಂಬಲು ಕುಸಳ ಹುಲ್ಲನ್ನು ಸಂದರ್ಶಿಸಿದೆವು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಹೆಟೆರೊಪೋಗಾನ್ ಕಂಟಾರ್ಟಸ್. ಗುಡ್ಡ ಹತ್ತಿದವರ ಕಾಲುಚೀಲಕ್ಕೆ ಚುಚ್ಚಿಕೊಂಡು ಮನೆತನಕ ಬರುವ ಹುಲ್ಲು ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ.

ಪ್ರಶ್ನೆ: ಮೊದಲಿಗೆ, ನಿಮಗೆ ಇಷ್ಟು ಚೆನ್ನಾಗಿ ಕನ್ನಡ ಹೇಗೆ ಬರುತ್ತದೆ?

ಕುಸಳ: ದೇವಗಿರಿಯ ಸೇವುಣರು ನೂರಾರು ಶಾಸನಗಳನ್ನು ಕನ್ನಡದಲ್ಲಿ ಬರೆಸಿದರು. ಅತ್ತ ವೇರುಳದ, ಅಂದರೆ ನಿಮ್ಮ ಎಲ್ಲೋರಾದ, ಕೈಲಾಸ ಕಡೆಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ. ಅವರ ಕಲ್ಲುಗಳ ಸಂದಿಯಲ್ಲೇ ಬೆಳೆದವರಿಗೆ ನಾಲ್ಕು ಮಾತು ಬರದಿದ್ದರೆ ಹೇಗೆ? ಓದಲು ಬರುವುದಿಲ್ಲ, ಅದು ಬೇರೆ ವಿಚಾರ.

ಪ್ರಶ್ನೆ: ಹಾಗಾದರೆ ನಮ್ಮವರು ಕೇಳಿಯೇ ಕೇಳುವ ಪ್ರಶ್ನೆ. ಹನುಮಂತ ಹುಟ್ಟಿದ್ದು ಈ ಅಂಜನೇರಿಯಲ್ಲೋ, ನಮ್ಮ ಆನೆಗೊಂದಿಯ ಅಂಜನಾದ್ರಿಯಲ್ಲೋ?

ಕುಸಳ: 2022ರ ಮೇ ಕೊನೆಯಲ್ಲಿ ನಾಶಿಕ್‌ನಲ್ಲಿ ಸಾಧುಗಳು ಇದೇ ಪ್ರಶ್ನೆ ಇಟ್ಟುಕೊಂಡು ಸಭೆ ಸೇರಿದ್ದರು. ಯಾರು ಎಲ್ಲಿ ಕೂರಬೇಕು ಎಂಬಲ್ಲಿಗೇ ಮಾತು ಬಿಸಿಯಾಯಿತು. ನಾನು ಆ ಗೊಡವೆಗೆ ಹೋಗುವುದಿಲ್ಲ. ಒಂದು ಮಾತ್ರ ಹೇಳುತ್ತೇನೆ: ಹನುಮಂತನ ಬಾಲಕ್ಕೆ ಬೆಂಕಿ ಹಚ್ಚಿದವರು ಯಾರೆಂದು ರಾಮಾಯಣದಲ್ಲಿ ಸ್ಪಷ್ಟವಾಗಿದೆ. ಅವನ ಬೆಟ್ಟಕ್ಕೆ ಬೆಂಕಿ ಹಚ್ಚಿದವರು ಯಾರೆಂಬುದು ಮಾತ್ರ ಯಾವ ಫೈಲಿನಲ್ಲೂ ಸ್ಪಷ್ಟವಿಲ್ಲ. ‘ಕಾರಣ: ಅಜ್ಞಾತ ವ್ಯಕ್ತಿ’ ಎಂದು ಬರೆದು ಮುಗಿಸುತ್ತಾರೆ. ಈ ಸೀಮೆಯಲ್ಲಿ ನನ್ನಷ್ಟೇ ಹುಲುಸಾಗಿ ಬೆಳೆದವನು ಆ ಅಜ್ಞಾತ ವ್ಯಕ್ತಿ ಒಬ್ಬನೇ.

ಪ್ರಶ್ನೆ: ನಿಮಗಂತೂ ಗೊತ್ತಿರಬೇಕಲ್ಲ. ಅವನು ಹಚ್ಚುವುದೇ ನಿಮ್ಮ ತಲೆಗೆ.

ಕುಸಳ: ಗೊತ್ತಿಲ್ಲದೆ ಏನು? ಫೆಬ್ರವರಿ, ಮಾರ್ಚಿಯಲ್ಲಿ ಇಲ್ಲಿ ಸಿಡಿಲು ಅಪರೂಪ, ಆದ್ದರಿಂದ ದೇವರ ಮೇಲೆ ಹಾಕುವಂತಿಲ್ಲ. ಹಳೆ ಹುಲ್ಲು ಸುಟ್ಟರೆ ಹೊಸ ಚಿಗುರು ಚೆನ್ನಾಗಿ ಬರುತ್ತದೆ ಎಂದು ದನ ಕಾಯುವವನು ಹಚ್ಚುತ್ತಾನೆ. ಚಿಗುರು ಬರುವುದು ನಿಜ, ಆದರೆ ಹೆಚ್ಚು ಬರುವುದಿಲ್ಲ. ಒಣಗಿದ್ದೆಲ್ಲ ಹೋಗಿ ಕಪ್ಪು ನೆಲದ ಮೇಲೆ ನಾಲ್ಕು ಹಸಿರು ಎಳೆ ಎದ್ದು ಕಾಣುತ್ತವೆ, ಅಷ್ಟೆ. ಪೇಠ, ಸುರಗಾಣೆ ಕಡೆ ಹಿಪ್ಪೆ ಹೂವು ಉದುರುವ ಕಾಲ. ತರಗೆಲೆಯಲ್ಲಿ ಹೂವು ಕಾಣಬೇಕಲ್ಲ, ಮರದ ಬುಡಕ್ಕೆ ಕಡ್ಡಿ ಗೀರುತ್ತಾರೆ. ಇಗತಪುರಿ ಕಡೆ ಭತ್ತದ ಸಸಿಮಡಿಗೆ ಸೊಪ್ಪುಸದೆ, ಸಗಣಿ ಹರಡಿ ಸುಡುವ ‘ರಾಬ’ ಇದೆ. ಬದುವಿನ ಕಸ ಸುಡುವವನು ಗಾಳಿಯ ದಿಕ್ಕು ನೋಡುವುದಿಲ್ಲ. ಬೀಡಿಯವನು ತುಂಡನ್ನು ಎತ್ತ ಎಸೆದೆ ಎಂದು ನೋಡುವುದಿಲ್ಲ. ಶನಿವಾರ ಡೇರೆ ಹೊತ್ತು ಬರುವ ಹುಡುಗರು ಕ್ಯಾಂಪ್‌ಫೈರ್ ಇಲ್ಲದೆ ಹಾಡಲಾರರು. ಇವರಲ್ಲಿ ಯಾರಿಗೂ ಕಾಡು ಸುಡುವ ಉದ್ದೇಶ ಇರುವುದಿಲ್ಲ, ಅದೇ ಸೊಗಸು. ಹೆಸರು ಕೇಳಬೇಡಿ. ನಾನು ಇಲ್ಲೇ ಬದುಕಬೇಕು.

ಪ್ರಶ್ನೆ: ಕಾನೂನು ಇಲ್ಲವೆ?

ಕುಸಳ: 1927ರ ಭಾರತೀಯ ಅರಣ್ಯ ಕಾಯಿದೆ ಇದೆ. ಮೀಸಲು ಅರಣ್ಯಕ್ಕೆ ಬೆಂಕಿ ಹಚ್ಚಿದರೆ ಆರು ತಿಂಗಳವರೆಗೆ ಜೈಲು ಅಥವಾ 500 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಎಂದು ಬ್ರಿಟಿಷರು ಅಂದು ಬರೆದಿಟ್ಟರು. ಆಗಿನ 500 ರೂಪಾಯಿ ಎಂದರೆ ಮನುಷ್ಯ ನಡುಗಬೇಕು. ಇರಲಿ, ದಂಡ ಎಷ್ಟಾದರೇನು, ಕಟ್ಟಲು ಅಜ್ಞಾತ ವ್ಯಕ್ತಿ ಸಿಗಬೇಕಲ್ಲ.

ಪ್ರಶ್ನೆ: ಈಗ ಉಪಗ್ರಹಗಳೇ ಬೆಂಕಿ ಪತ್ತೆ ಹಚ್ಚಿ ಅರಣ್ಯ ಸಿಬ್ಬಂದಿಯ ಮೊಬೈಲಿಗೆ ಸಂದೇಶ ಕಳಿಸುತ್ತವಂತೆ.

ಕುಸಳ: ಹೌದು, ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯವರು ಕಳಿಸುತ್ತಾರೆ, ಒಳ್ಳೆಯ ಕೆಲಸ. ಆ ಕಣ್ಣಿಗೆ ನೆಲ ಕಾಣುವುದು ಚೌಕ ಚೌಕವಾಗಿ. ಚೂಪು ಕಣ್ಣಿನದಕ್ಕೂ ಒಂದು ಚೌಕ ಎಂದರೆ 375 ಮೀಟರ್. ದಿನಕ್ಕೆ ಕೆಲವೇ ಸಲ ಅವು ತಲೆಯ ಮೇಲೆ ಹಾಯುತ್ತವೆ. ನಾನು ಮರದ ದಿಮ್ಮಿಯ ಹಾಗೆ ಮೂರು ದಿನ ಹೊಗೆಯಾಡುವವನಲ್ಲ. ಗಾಳಿ ಇದ್ದರೆ ಒಂದು ಇಳಿಜಾರನ್ನು ಗಂಟೆಯೊಳಗೆ ಮುಗಿಸಿ ಕೈ ತೊಳೆದುಕೊಳ್ಳುತ್ತೇನೆ. ಸಂದೇಶ ಬಂದಾಗ ಗಾರ್ಡ್ ಸಾಹೇಬರು ಪಕ್ಕದ ಗುಡ್ಡದಲ್ಲಿ ಹಸಿ ಟೊಂಗೆ ಹಿಡಿದು ಬೇರೆ ಬೆಂಕಿ ಬಡಿಯುತ್ತಿರುತ್ತಾರೆ. ಅಲ್ಲಿ ನೆಟ್‌ವರ್ಕ್ ಇರುವುದಿಲ್ಲ.

ಪ್ರಶ್ನೆ: ಬೆಂಕಿ ರೇಖೆ ಎಳೆಯುತ್ತಾರಲ್ಲ?

ಕುಸಳ: ಇಲ್ಲಿ ಜಾಳರೇಷಾ ಅನ್ನುತ್ತಾರೆ. ಬೇಸಿಗೆಗೆ ಮೊದಲೇ ನನ್ನನ್ನು ಪಟ್ಟಿ ಪಟ್ಟಿಯಾಗಿ ಕೊಯ್ದು ಸುಟ್ಟು ಬಯಲು ಮಾಡಬೇಕು, ಆಮೇಲೆ ಬಂದ ಬೆಂಕಿ ಅಲ್ಲಿ ನಿಲ್ಲಬೇಕು. ಸರಿಯಾಗಿ ಮಾಡಿದ ಕಡೆ ನಿಲ್ಲುತ್ತದೆ, ಸುಳ್ಳು ಹೇಳಬಾರದು. ನನ್ನ ತಕರಾರು ಪಂಚಾಂಗದ್ದು. ನನ್ನ ಋತು ಫೆಬ್ರವರಿಗೆ ಶುರು, ಸರಕಾರದ ದುಡ್ಡಿನ ಋತು ಮಾರ್ಚಿ 31ಕ್ಕೆ. ಎರಡರ ನಡುವೆ ಒಂದು ವಣವಾ ಹಾದುಹೋದರೆ ರೇಖೆ ಎಳೆಯುವ ಕೆಲಸವೂ ಉಳಿಯಿತು.

ಪ್ರಶ್ನೆ: ನಿಮ್ಮ ಮಾತಿನಲ್ಲಿ ಸ್ವಲ್ಪವೂ ದುಃಖ ಕಾಣುತ್ತಿಲ್ಲ. ಸುಡುವುದು ನೀವೇ ತಾನೆ?

ಕುಸಳ: ಸುಡುವುದು ನನ್ನ ಹಳೆಯ ಅಂಗಿ. ನನ್ನ ಬೀಜದ ಬಾಲ ನೋಡಿದ್ದೀರಾ? ಹುರಿ ಹುರಿಯಾಗಿದೆ. ತೇವ ಬಿದ್ದಾಗ ಬಿಚ್ಚಿಕೊಳ್ಳುತ್ತದೆ, ಒಣಗಿದಾಗ ಸುತ್ತಿಕೊಳ್ಳುತ್ತದೆ, ಹಾಗೆ ತಿರುಗುತ್ತ ತಿರುಗುತ್ತ ಬೀಜವನ್ನು ಮಣ್ಣಿನೊಳಕ್ಕೆ ಕೊರೆದು ಇಳಿಸುತ್ತದೆ. ಹುಲ್ಲಿನ ಬೆಂಕಿ ಓಡುವ ಬೆಂಕಿ. ಮೇಲೆ ಎಷ್ಟೇ ಧಗೆ ಇದ್ದರೂ ಎರಡು ಬೆರಳು ಕೆಳಗೆ ಮಣ್ಣು ತಣ್ಣಗೇ ಇರುತ್ತದೆ. ಬುಡವೂ ಬದುಕುತ್ತದೆ, ಬೀಜವೂ ಬದುಕುತ್ತದೆ. ಶೇಡಾ, ಮಾರವೇಲ್ ಎಂದು ನನ್ನ ಪಕ್ಕದವರಿದ್ದರು, ದನಗಳಿಗೆ ಅವರೆಂದರೆ ಪ್ರಾಣ. ವರ್ಷ ವರ್ಷವೂ ಬೆಂಕಿ ಬಿದ್ದು, ಉಳಿದದ್ದನ್ನು ಕುರಿ ಬೋಳಿಸಿದ ಕಡೆ ಅವರು ಠೇವಣಿ ಕಳೆದುಕೊಂಡರು, ಕ್ಷೇತ್ರ ನನ್ನದಾಯಿತು. ಬೆಂಕಿ ನನಗೆ ಚುನಾವಣೆ. ಪ್ರತಿ ಸಲ ಗೆದ್ದಿದ್ದೇನೆ.

ಪ್ರಶ್ನೆ: ಸೋತವರು?

ಕುಸಳ: ನೀವು ಈ ಪ್ರಶ್ನೆ ಕೇಳದೆ ಹೋಗುತ್ತೀರಿ ಎಂದುಕೊಂಡಿದ್ದೆ. ನೆಲದಲ್ಲಿ ಗೂಡು ಮಾಡುವ ಲಾವುಗೆ, ಗೌಜಲು. ಅವುಗಳ ಮೊಟ್ಟೆಗೆ ಕೊರೆಯುವ ಬಾಲ ಇಲ್ಲ. ಮೇಲೆ ಬಂಡೆಯ ಅಂಚಿನಲ್ಲಿ ರಣಹದ್ದುಗಳಿವೆ, ಅವುಗಳಿಗಾಗಿಯೇ ಅಂಜನೇರಿಯನ್ನು 2017ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ಅವು ಮರಿ ಮಾಡುವ ಕಾಲವೂ ನನ್ನ ಕಾಲವೂ ಒಂದೇ, ಹೊಗೆ ಮೇಲಕ್ಕೇ ಹೋಗುತ್ತದೆ. ಈ ಬೆಟ್ಟದ ಹೆಸರನ್ನೇ ಹೊತ್ತ ಸೆರೊಪೀಜಿಯಾ ಅಂಜನೇರಿಕಾ ಎಂಬ ಪುಟ್ಟ ಗಿಡವಿದೆ, ಅದು ಜಾಣೆ, ಬೇಸಿಗೆಯಲ್ಲಿ ಗಡ್ಡೆಯಾಗಿ ನೆಲದೊಳಗೆ ಮಲಗಿರುತ್ತದೆ. ಸಾಗುವಾನಿ ಸಸಿಗೆ ಆ ಜಾಣತನವಿಲ್ಲ, ಮೊಳಕಾಲೆತ್ತರ ಬೆಳೆಯುತ್ತದೆ, ಸುಡುತ್ತದೆ, ಮತ್ತೆ ಮೊಳಕಾಲೆತ್ತರ. ಬೂದಿ, ಮಣ್ಣು ಮೊದಲ ಮಳೆಗೆ ಗೋದಾವರಿಗೆ ಇಳಿಯುತ್ತವೆ. ಇನ್ನು ಮನುಷ್ಯರು. ನಿಮ್ಮ ಬಂಡೀಪುರದಲ್ಲಿ 2017ರ ಫೆಬ್ರವರಿಯಲ್ಲಿ ಬೆಂಕಿ ಆರಿಸುತ್ತಲೇ ಒಬ್ಬ ಅರಣ್ಯ ರಕ್ಷಕ ತೀರಿಕೊಂಡ. ಮರುವರ್ಷ ಮಾರ್ಚಿಯಲ್ಲಿ ತಮಿಳುನಾಡಿನ ಕುರಂಗಣಿಯ ಇಳಿಜಾರಿನಲ್ಲಿ ಸಿಕ್ಕಿಬಿದ್ದ ಚಾರಣಿಗರಲ್ಲಿ 20ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿಯೂ ಹುಲ್ಲು. ಇದಕ್ಕೆ ತಮಾಷೆ ಜೋಡಿಸಲು ನನಗೆ ಬರುವುದಿಲ್ಲ.

ಪ್ರಶ್ನೆ: (ಸ್ವಲ್ಪ ತಡೆದು) ದೌಲತಾಬಾದ್ ಕೋಟೆಗೂ ಹೋಗಿದ್ದಿರಿ, 2025ರ ಏಪ್ರಿಲ್‌ನಲ್ಲಿ.

ಕುಸಳ: ಹೋಗುವುದೇನು, ನಮ್ಮವರು ಅಲ್ಲೇ ಖಾಯಂ. ಒಣ ಹುಲ್ಲಿಗೆ ಕಿಡಿ ಬಿತ್ತು, ಗಾಳಿ ಇತ್ತು. ಎಲ್ಲರೂ ‘ಐತಿಹಾಸಿಕ ಕೋಟೆಗೆ ಬೆಂಕಿ’ ಎಂದು ಬೊಬ್ಬೆ ಹಾಕಿದರು. ಅಲ್ಲಿಯ ‘ಅಂಧಾರಿ’ ಸುರಂಗದಲ್ಲಿ ಗೈಡ್‌ಗಳು ಏನು ಹೇಳುತ್ತಾರೆ ಕೇಳಿ: ಶತ್ರು ಒಳಗೆ ನುಗ್ಗಿದರೆ ಮೇಲಿನ ಬಾಯಲ್ಲಿ ಕೆಂಡ ಉರಿಸಿ ಹೊಗೆ ತುಂಬಿಸುತ್ತಿದ್ದರಂತೆ. ಆಗ ಹೊಗೆಗೆ ಕಾವಲುಗಾರನ ಕೆಲಸ, ಈಗ ಆರೋಪಿಯ ಸ್ಥಾನ. ತುಘಲಕ್ ದಿಲ್ಲಿಯಿಂದ ರಾಜಧಾನಿ ತಂದ, ವಾಪಸ್ ಒಯ್ದ. ಊರಿನ ಹೆಸರು ಬದಲಾಯಿತು, ಮೊನ್ನೆ ಜಿಲ್ಲೆಯ ಹೆಸರೂ ಬದಲಾಯಿತು. ಹುಲ್ಲು ಕೊಯ್ಯಬೇಕು ಎಂಬುದು ಮಾತ್ರ ಯಾರಿಗೂ...

ಪ್ರಶ್ನೆ: ಏನೆಂದಿರಿ?

ಕುಸಳ: ಏನಿಲ್ಲ. ಮುಂದಿನ ಪ್ರಶ್ನೆ.

ಪ್ರಶ್ನೆ: ನಾಶಿಕ್‌ಗೂ ಸಂಭಾಜಿನಗರಕ್ಕೂ ನೀರಿನ ಜಗಳವಿದೆ. ಬೆಂಕಿಯ ವಿಷಯದಲ್ಲಿ ಹೇಗೆ?

ಕುಸಳ: ಪರಮ ಸ್ನೇಹ. ಅಕ್ಟೋಬರ್ 15ಕ್ಕೆ ಸಂಭಾಜಿನಗರದ ಪಾಲಿನ ಪೈಠಣದ ಜಾಯಕವಾಡಿ ಅಣೆಕಟ್ಟಿನಲ್ಲಿ ಶೇಕಡಾ 65ರಷ್ಟು ನೀರಿಲ್ಲದಿದ್ದರೆ ಮೇಲಿನ ನಾಶಿಕ್, ಅಹಿಲ್ಯಾನಗರ ಜಿಲ್ಲೆಗಳ ಅಣೆಕಟ್ಟುಗಳು ನೀರು ಬಿಡಬೇಕು. ಹನಿ ಹನಿಗೂ ಲೆಕ್ಕ, ಕೋರ್ಟು, ರಾಸ್ತಾ ರೋಕೋ. ಬೆಂಕಿಗೆ ಪಾಲು ಕೇಳಿದವರನ್ನು ನಾನು ನೋಡಿಲ್ಲ. ಗಡಿಯ ಗುಡ್ಡ ಹತ್ತಿಕೊಂಡರೆ ‘ಅದು ನಮ್ಮ ರೇಂಜಿಗೆ ಬರುವುದಿಲ್ಲ, ನೀವೇ ಇಟ್ಟುಕೊಳ್ಳಿ’ ಎಂದು ಇಬ್ಬರೂ ಉದಾರಿಗಳಾಗುತ್ತಾರೆ.

ಪ್ರಶ್ನೆ: ಊರು ಬೆಳೆದು ಗುಡ್ಡದ ಬುಡಕ್ಕೇ ಬಂದಿದೆ. ಇದು ಜಗತ್ತಿನ ಎಲ್ಲ ಕಡೆಯ ಕಥೆ ಅಲ್ಲವೆ?

ಕುಸಳ: ಎಲ್ಲ ಕಡೆಯೂ ನನಗೆ ನೆಂಟರಿದ್ದಾರೆ. ಹವಾಯಿ ದ್ವೀಪದಲ್ಲಿ ನನ್ನನ್ನು ಪಿಲಿ ಅನ್ನುತ್ತಾರೆ, ಹಿಂದೆ ಮನೆಯ ಮಾಡಿಗೆ ಹೊದಿಸುತ್ತಿದ್ದರು, ಅಷ್ಟು ಮರ್ಯಾದೆ. ಆಮೇಲೆ ಕಬ್ಬು, ಅನಾನಸ್ ತೋಟಗಳು ಬಂದವು, ಮುಚ್ಚಿದವು. ಪಾಳು ಬಿದ್ದ ಹೊಲಗಳಿಗೆ ಆಫ್ರಿಕದ ಹುಲ್ಲುಗಳು ನುಗ್ಗಿದವು, ಕೊಯ್ಯುವವರಿಲ್ಲ, ಮೇಯುವವರಿಲ್ಲ. 2023ರ ಆಗಸ್ಟ್‌ನಲ್ಲಿ ಅಲ್ಲಿಯ ಲಹೈನಾ ಪಟ್ಟಣವೇ ಬೆಂಕಿಗೆ ಹೋಯಿತು, ಸುಮಾರು 100 ಜನರ ಜೊತೆ. ಇಲ್ಲಿ ಇನ್ನೂ ‘ಹಿಲ್ ವ್ಯೂ’ ಸೈಟುಗಳ ಜಾಹೀರಾತು ನಡೆಯುತ್ತಿದೆ. ವ್ಯೂ ಯಾವ ತಿಂಗಳಿನದು ಎಂದು ಅದರಲ್ಲಿ ಹಾಕುವುದಿಲ್ಲ.

ಪ್ರಶ್ನೆ: ಸರಕಾರ ಗಿಡಗಳನ್ನಾದರೂ ನೆಡುತ್ತಿದೆ.

ಕುಸಳ: ನೆಡುತ್ತದೆ, ಅಂಕಿಗಳೇ ದಟ್ಟ ಕಾಡು. ಮಹಾರಾಷ್ಟ್ರದಲ್ಲಿ 2016ಕ್ಕೆ 2 ಕೋಟಿ, 2017ಕ್ಕೆ 4 ಕೋಟಿ, 2018ಕ್ಕೆ 13 ಕೋಟಿ, 2019ಕ್ಕೆ 33 ಕೋಟಿ ಗಿಡಗಳ ಗುರಿ. ನೆಡುವ ಜಾಗ ಯಾವುದು? ನನ್ನದು. ಹುಲ್ಲುಗಾವಲಿಗೆ ಸರಕಾರಿ ನಕ್ಷೆಯಲ್ಲಿ ಬಂಜರು ಎಂದು ಹೆಸರು. ಮರ ಕಡಿಯಲು ಬಂದರೆ ಜನ ಓಡಿ ಬಂದು ತಬ್ಬಿಕೊಳ್ಳುತ್ತಾರೆ, ನಿಮ್ಮ ಸಾಲ್ಕಣಿಯಲ್ಲಿ 1983ರಲ್ಲಿ ಅಪ್ಪಿಕೋ ಚಳವಳಿ ಆಯಿತಲ್ಲ. ನನ್ನನ್ನು ಯಾರು ಅಪ್ಪಿಕೊಳ್ಳುತ್ತಾರೆ? ಅಪ್ಪಿದರೂ ಚುಚ್ಚುತ್ತೇನೆ, ಅದೂ ನಿಜ. ಇದೇ ನಾಶಿಕ್ ಜಿಲ್ಲೆಯ ಯೇವಲಾ ತಾಲ್ಲೂಕಿನ ಮಮದಾಪುರದಲ್ಲಿ ಕೃಷ್ಣಮೃಗಗಳನ್ನು ಕೇಳಿ, ಬಂಜರು ಎಂದರೆ ಏನು ಎಂದು ಅವು ಹೇಳುತ್ತವೆ.

ಪ್ರಶ್ನೆ: ಆಗ ನಡುವೆ ನುಂಗಿಕೊಂಡ ಮಾತಿಗೆ ಬರೋಣ. ಹುಲ್ಲು ಕೊಯ್ಯುವುದು.

ಕುಸಳ: ಬಿಡುವುದಿಲ್ಲ ಅಂತೀರಿ. ಸರಿ, ಇದು ಪ್ರಕಟಣೆಗಲ್ಲ. 2013ರ ಬರ, 2019ರ ಬರ ನೆನಪಿದೆಯೆ? ಮರಾಠವಾಡದಲ್ಲಿ ಮೇವಿಲ್ಲದೆ ಸರಕಾರಿ ಖರ್ಚಿನಲ್ಲಿ ಚಾರಾ ಛಾವಣಿ ತೆರೆದರು, ನಿಮ್ಮ ಕಡೆ ಗೋಶಾಲೆ ಅನ್ನುತ್ತೀರಿ. ಲಾರಿಯಲ್ಲಿ ಕಬ್ಬು ತಂದು ದನಗಳಿಗೆ ಹಾಕಿದರು. ಅದೇ ಸೀಮೆಯ ಗುಡ್ಡಗಳಲ್ಲಿ ಒಳ್ಳೆಯ ಮಳೆಯಾದ ವರ್ಷಗಳ ಮೇವು ಬೂದಿಯಾಗಿ ಹಾರಿಹೋಗಿತ್ತು. ಪಕ್ಕದ ಅಹಿಲ್ಯಾನಗರ ಜಿಲ್ಲೆಯಲ್ಲಿ ಹಿವರೆ ಬಾಜಾರ ಎಂದು ಒಂದು ಹಳ್ಳಿ. ಅಲ್ಲಿ ಪೋಪಟರಾವ್ ಪವಾರ್ ಎಂಬ ಸರಪಂಚರು ಗುಡ್ಡದಲ್ಲಿ ದನ ಬಿಡುವುದನ್ನು ನಿಲ್ಲಿಸಿದರು. ಕುಡುಗೋಲು ಹಿಡಿದು ಬಂದು ತಲೆಹೊರೆ ಕೊಯ್ದು ಒಯ್ಯಿರಿ, ಸಣ್ಣ ಶುಲ್ಕ ಕಟ್ಟಿ ಎಂದರು. ಹುಲ್ಲು ಕೊಟ್ಟಿಗೆಗೆ ಹೋಯಿತು, ಹಾಲು ಡೈರಿಗೆ ಹೋಯಿತು. ಗುಡ್ಡದ ಮೇಲೆ ಉರಿಯಲು ಏನು ಉಳಿಯಿತು? ಅದರಲ್ಲೂ ನಾನು ತೆನೆ ಬಲಿಯುವ ಮೊದಲು, ದೀಪಾವಳಿಯ ಒಳಗೆ ಕೊಯ್ದರೆ ನನ್ನ ಕಥೆ ಮುಗಿಯಿತು. ಆಗ ನಾನು ಮೆತ್ತಗಿರುತ್ತೇನೆ, ದನ ಇಷ್ಟಪಟ್ಟು ತಿನ್ನುತ್ತವೆ, ಬೀಜವೂ ನೆಲಕ್ಕೆ ಬೀಳುವುದಿಲ್ಲ. ಬೆಂಕಿಗೆ ಹೆದರದವನು ನಾನು, ಅಕ್ಟೋಬರಿನ ಕುಡುಗೋಲಿಗೆ ಹೆದರುತ್ತೇನೆ. ದಯವಿಟ್ಟು ಬರೆಯಬೇಡಿ.

ಪ್ರಶ್ನೆ: ಬರೆಯುವುದೇ ನಮ್ಮ ಕೆಲಸ.

ಕುಸಳ: ಬರೆದರೂ ಕನ್ನಡದಲ್ಲಿ ತಾನೆ? ನಾಶಿಕ್‌ನ ಕಚೇರಿಗಳಲ್ಲಿ ಯಾರು ಓದುತ್ತಾರೆ!

ಪ್ರಶ್ನೆ: ಗದಗಿನಲ್ಲಿ ಓದುತ್ತಾರೆ. ನಮ್ಮ ಕಪ್ಪತಗುಡ್ಡಕ್ಕೂ ಬೇಸಿಗೆ ಬೇಸಿಗೆಗೆ ಬೆಂಕಿ ಬೀಳುತ್ತದೆ.

ಕುಸಳ: ಗದಗು... ಅಲ್ಲಿ ಅಕ್ಟೋಬರಿನಲ್ಲಿ ಏನು ಸುಗ್ಗಿ?

ಪ್ರಶ್ನೆ: ಶೇಂಗಾ ಕೀಳುವುದು, ಮೆಕ್ಕೆಜೋಳ ಮುರಿಯುವುದು. ಹತ್ತಿ ಬಿಡಿಸುವುದೂ ಶುರುವಾಗಿರುತ್ತದೆ.

ಕುಸಳ: ಆಳು ಸಿಗುತ್ತಾರೆಯೆ?

ಪ್ರಶ್ನೆ: ಎಲ್ಲಿ ಸಿಗುತ್ತಾರೆ, ಕೇಳಿದಷ್ಟು ಕೂಲಿ ಕೊಟ್ಟರೂ ಕಷ್ಟ.

ಕುಸಳ: ಹಾಗಾದರೆ ಬರೆಯಿರಿ. ದೊಡ್ಡ ಅಕ್ಷರದಲ್ಲೇ ಬರೆಯಿರಿ.